ಗುಲಾಬಿ ಜುಟ್ಟಿನ ಕೋಳಿಗಳು

ಫಕೀರವ್ವನ ಹೆಬ್ಬೆರಳಿಗೂ ಹೊರದೇಶದಿಂದ ತರಿಸಿದ ಕ್ಯಾಮೆರಾಕ್ಕೂ ಪಂದ್ಯ ನಡೆದದ್ದು ಆರು ವರ್ಷದ ಹಿಂದೆ. ಸಾವಿರ ಹೂಮರಿಗಳನ್ನು, ಅಂದರೆ ಅದೇ ದಿನ ಮೊಟ್ಟೆಯೊಡೆದು ಬಂದ ಕೋಳಿಮರಿಗಳನ್ನು, ಇಬ್ಬರ ಮುಂದೆಯೂ ಹಾಯಿಸಿದರು. ಒಂದೊಂದರ ನೆತ್ತಿಯನ್ನೂ ಪರೀಕ್ಷಿಸಿ, ಮುಂದೆ ಇದಕ್ಕೆ ಗುಲಾಬಿ ಜುಟ್ಟು ಬರುತ್ತದೋ ಗರಗಸ ಜುಟ್ಟು ಬರುತ್ತದೋ ಎಂದು ಹೇಳಬೇಕು. ಕ್ಯಾಮೆರಾ ಮೂವತ್ತೆಂಟು ಸಲ ಎಡವಿತು. ಫಕೀರವ್ವ ಒಂದು ಸಲವೂ ಎಡವಲಿಲ್ಲ. ಮರಿಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆರಳನ್ನು ನೆತ್ತಿಯ ಮೇಲೆ ಒಮ್ಮೆ ಎಳೆದರೆ ಆಯಿತು. ಕಣ್ಣು ಬೇರೆಲ್ಲೋ ಇರುತ್ತಿತ್ತು, ಬಾಯಿ ಪಕ್ಕದವಳೊಂದಿಗೆ ಮಾತಾಡುತ್ತಿರುತ್ತಿತ್ತು. ಮರುದಿನವೇ ಕ್ಯಾಮೆರಾಕ್ಕೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದರು. ಫಕೀರವ್ವ ಮರಿ ಆರಿಸುವ ಜುಟ್ಟುಕೋಣೆಯ ಮೇಸ್ತ್ರಿಯಾದಳು.

ಇದು ದೊಡ್ಡ ಜ್ವರದ ನಂತರದ ಮಾತು. ಆ ಜ್ವರ ಹಕ್ಕಿಗಳಿಗೆ ಬಂದದ್ದು. ಊರಕೋಳಿ, ಫಾರಂ ಕೋಳಿ, ಕಾಡುಕೋಳಿ ಎಂದು ಅದು ಭೇದ ಮಾಡಲಿಲ್ಲ. ಎರಡು ಬೇಸಿಗೆಯಲ್ಲಿ ಎಲ್ಲವನ್ನೂ ಗುಡಿಸಿ ಹಾಕಿತು. ಉಳಿದದ್ದು ಹೊರಗಿನ ಗಾಳಿಯನ್ನೂ ಸೋಸಿ ಒಳಬಿಡುವಂಥ ಮುಚ್ಚಿದ ಕೇಂದ್ರಗಳ ಕೋಳಿಗಳು ಮಾತ್ರ. ಕುಷ್ಟಗಿಯಾಚೆ ಕಲ್ಲಬೇವಿನಾಳದ ಬಯಲಿನಲ್ಲಿದ್ದದ್ದು ಅಂಥದೊಂದು ಕೇಂದ್ರ. ಅಲ್ಲಿ ಕೋಳಿ ಸಾಕುತ್ತಿದ್ದುದು ಸಾರಿಗಲ್ಲ, ಔಷಧಕ್ಕೆ.

ಮೈಯ ಸ್ನಾಯುಗಳು ವರ್ಷವರ್ಷಕ್ಕೆ ಸೋಲುತ್ತಾ ಬರುವ ಒಂದು ಕಾಯಿಲೆ ಇದೆ. ಮೊದಲು ಕಾಲು, ಆಮೇಲೆ ತೋಳು, ಕೊನೆಗೆ ಉಸಿರಾಡಿಸುವ ಸ್ನಾಯು. ಆ ಕಾಯಿಲೆ ಇರುವ ಮಕ್ಕಳ ಮೈಯಲ್ಲಿ ಹುಟ್ಟಬೇಕಾದ ಒಂದು ಪ್ರೋಟೀನು ಹುಟ್ಟುವುದಿಲ್ಲ. ಅದನ್ನು ಕೋಳಿಮೊಟ್ಟೆಯ ಬಿಳಿಯಲ್ಲಿ ಹುಟ್ಟಿಸುವ ವಿದ್ಯೆ ವಿಜ್ಞಾನಿಗಳಿಗೆ ಸಿಕ್ಕಿತ್ತು. ಔಷಧದ ಜೀನನ್ನು ಕೋಳಿಯ ವರ್ಣತಂತುವಿನೊಳಗೆ ಕೂರಿಸುವಾಗ ಅವರು ಒಂದು ಜಾಣತನ ಮಾಡಿದರು: ಅದನ್ನು ಗುಲಾಬಿ ಜುಟ್ಟಿನ ಜೀನಿನ ಮಗ್ಗುಲಲ್ಲೇ ಕೂರಿಸಿದರು. ವರ್ಣತಂತುವಿನ ಆ ಭಾಗ ತಲೆಕೆಳಗಾಗಿ ತಿರುಗಿಕೊಂಡಿರುತ್ತದೆ, ಹಾಗಾಗಿ ಎಷ್ಟು ಪೀಳಿಗೆ ಕಳೆದರೂ ಇವೆರಡೂ ಬೇರೆಯಾಗುವುದಿಲ್ಲ. ನೆತ್ತಿಯ ಮೇಲೆ ಅಗಲಕ್ಕೆ ಹೂವಿನಂತೆ ಕೂತ ಗುಲಾಬಿ ಜುಟ್ಟು ಇದ್ದರೆ ಆ ಕೋಳಿಯಲ್ಲಿ ಔಷಧ ಇದೆ. ಹಲ್ಲುಹಲ್ಲಾಗಿ ನೆಟ್ಟಗೆ ನಿಲ್ಲುವ ಗರಗಸ ಜುಟ್ಟು ಬಂದರೆ ಇಲ್ಲ. ಔಷಧವಿಲ್ಲದ ಮರಿಗೆ ಕಾಳು ಹಾಕುವಷ್ಟು ಕಾಳು ಆ ಕಾಲದಲ್ಲಿ ಯಾರ ಹತ್ತಿರವೂ ಇರಲಿಲ್ಲ. ಗರಗಸದ ಮರಿಗಳು ಕೋಣೆಯ ತುದಿಯಲ್ಲಿದ್ದ ನೀಲಿ ಡ್ರಮ್ಮಿಗೆ ಹೋಗುತ್ತಿದ್ದವು. ಡ್ರಮ್ಮಿನಲ್ಲಿ ಉಸಿರುಗಟ್ಟಿಸುವ ಅನಿಲ ಬಿಡುತ್ತಿದ್ದರು, ಎರಡು ನಿಮಿಷದಲ್ಲಿ ಎಲ್ಲಾ ತಣ್ಣಗಾಗುತ್ತಿತ್ತು.

ಜುಟ್ಟುಕೋಣೆಯ ಗೋಡೆಗೆ ಒಂದು ಕರಿಹಲಗೆ. ವಾರಕ್ಕೆ ಎಷ್ಟು ಗರಗಸದ ಮರಿ ಹುಟ್ಟಿದವು ಎಂದು ಅದರ ಮೇಲೆ ಬರೆಯುತ್ತಿದ್ದರು. ಫಕೀರವ್ವ ಮೇಸ್ತ್ರಿಯಾದಾಗ ನೂರಕ್ಕೆ ಒಂಬತ್ತು ಇತ್ತು. ಮೂರನೆಯ ವರ್ಷ ಒಂದಕ್ಕೆ ಇಳಿಯಿತು. ಐದನೆಯ ವರ್ಷ ಪೂರ್ತಿ ಸೊನ್ನೆ. ಹಿರಿಯ ಅಧಿಕಾರಿಗಳು ಬಂದು ಅವಳಿಗೆ ಶಾಲು ಹೊದಿಸಿ, ಹೆಬ್ಬೆರಳೆತ್ತಿ ತೋರಿಸು ಎಂದು ಫೋಟೊ ತೆಗೆಸಿಕೊಂಡರು. ಅವಳು ನಾಚಿಕೊಂಡೇ ಎತ್ತಿ ತೋರಿಸಿದಳು. ಒಳಗೆ ಮಾತ್ರ ಜಂಬ ಉಕ್ಕುತ್ತಿತ್ತು, ಸುಳ್ಳು ಯಾಕೆ ಹೇಳಬೇಕು.

*

ಸೊನ್ನೆಯ ವರ್ಷ ಮುಗಿದು ಎಂಟು ತಿಂಗಳಿಗೆ ದೀಪದ ಕೋಣೆಯಿಂದ ಕೆಟ್ಟ ಸುದ್ದಿ ಬರತೊಡಗಿತು.

ಕಾವಿಗಿಟ್ಟ ಮೊಟ್ಟೆಯನ್ನು ಏಳನೆಯ ದಿನ ಕತ್ತಲೆಕೋಣೆಗೆ ಒಯ್ದು ದೀಪದ ಮೇಲೆ ಹಿಡಿದರೆ ಒಳಗಿರುವುದು ಕಾಣುತ್ತದೆ. ಜೀವ ಕಟ್ಟಿದ್ದರೆ ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಕೆಂಪು ನರಗಳು. ಕಟ್ಟದಿದ್ದರೆ ಬರೀ ಬೆಳಕು. ನೂರೈವತ್ತು ಮೊಟ್ಟೆಯ ತಟ್ಟೆಯಲ್ಲಿ ನೂರಮೂವತ್ತಕ್ಕೆ ಜೀವ ಕಟ್ಟುವುದು ಮೊದಲಿನ ವಾಡಿಕೆ. ಅದು ತೊಂಬತ್ತಾಯಿತು, ನಲವತ್ತಾಯಿತು. ಈ ಮೇ ತಿಂಗಳಲ್ಲಿ ಹನ್ನೊಂದಕ್ಕೆ ಬಂದು ನಿಂತಿತ್ತು.

ಕೇಂದ್ರದ ತಳಿವಿಜ್ಞಾನಿ ಡಾಕ್ಟರ್ ಲವಿನಾ ಪಿಂಟೊ ಮಂಗಳೂರಿನ ಕಡೆಯವರು. ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಒಣಗಾಳಿಗೆ ಒಡೆದ ತುಟಿಗೆ ಸದಾ ಕೊಬ್ಬರಿಎಣ್ಣೆ ಸವರಿಕೊಳ್ಳುತ್ತಿದ್ದ, ಸಿಟ್ಟು ಬಂದರೂ ದನಿ ಏರಿಸದ ಹೆಂಗಸು. ಕೈಗಳು ಸಾಲದೆಂದು ಅವರು ಫಕೀರವ್ವನನ್ನು ದೀಪದ ಕೋಣೆಗೆ ಕರೆಸಿಕೊಂಡಿದ್ದರು.

"ಎಂತ ಫಕೀರವ್ವ, ಅದೂ ಖಾಲಿಯಾ?"

"ಖಾಲಿನ ಐತ್ರಿ ಮೇಡಂ. ತತ್ತಿಯೊಳಗ ಏನೇನೂ ಇಲ್ಲ."

ಮೊದಲು ಬಿಸಿಲನ್ನು ದೂರಿದರು. ಹೊರಗೆ ನಲವತ್ತೇಳು ಡಿಗ್ರಿ; ಹುಂಜಗಳ ಮನೆಗೆ ಇನ್ನೆರಡು ತಂಪುಯಂತ್ರ ಹಾಕಿದರು. ಆಮೇಲೆ ಮೇವು ಬದಲಾಯಿಸಿದರು. ನೀರು ಬದಲಾಯಿಸಿದರು. ಮುದಿ ಹುಂಜಗಳನ್ನು ತೆಗೆದು ಎಳೆಯವನ್ನು ಬಿಟ್ಟರು. ಎಳೆಯ ಹುಂಜಗಳ ಕಾಲದಲ್ಲಿ ಲೆಕ್ಕ ಇನ್ನೂ ಕೆಳಗಿಳಿಯಿತು. ಇರುವ ಹೇಂಟೆಗಳು ಇನ್ನೊಂದು ವರ್ಷ ಮೊಟ್ಟೆ ಇಟ್ಟಾವು, ಔಷಧ ಬಂದೀತು. ಮೊಟ್ಟೆ ಇಡಲು ಹುಂಜದ ಹಂಗಿಲ್ಲ. ಆದರೆ ಅವು ಮುಗಿದ ಮೇಲೆ ಅವುಗಳ ಜಾಗಕ್ಕೆ ಬರುವ ಹೇಂಟೆಗಳು ಹುಟ್ಟುತ್ತಲೇ ಇರಲಿಲ್ಲ.

*

ಫಕೀರವ್ವನ ಮನೆ ಕೇಂದ್ರದ ಬೇಲಿಗೆ ಹತ್ತಿಕೊಂಡ ಕಾಲನಿಯಲ್ಲಿತ್ತು. ಗಂಡ ದ್ಯಾಮಣ್ಣ ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಸಂಜೆ ಮನೆಗೆ ಬರುವಾಗ ಹುಬ್ಬಿನವರೆಗೂ ಬೆಳ್ಳಗಾಗಿರುತ್ತಿದ್ದ. ಅವನು ಅವಳ ತಾಯಿಯ ಸ್ವಂತ ತಮ್ಮ. ಅವರ ಮನೆತನದಲ್ಲಿ ಹೆಣ್ಣನ್ನು ಹೊರಗೆ ಕೊಡುತ್ತಿರಲಿಲ್ಲ. ಅಕ್ಕನ ಮಗಳು ಹುಟ್ಟಿದಳೆಂದರೆ ತೊಟ್ಟಿಲಲ್ಲೇ ಅವಳು ಸೋದರಮಾವನ ಪಾಲಿಗೆ. ಮೂರು ತಲೆಮಾರಿನಿಂದ ಹೀಗೇ ನಡೆದಿತ್ತು. ಬೇರೆ ರಕ್ತ ಸೇರಿಲ್ಲವೆಂದು ಹಿರಿಯರು ಮೀಸೆ ತಿರುವುತ್ತಿದ್ದರು.

ಅವರಿಗೊಬ್ಬಳೇ ಮಗಳು, ಶಶಿಕಲಾ. ಈಗ ಹತ್ತೊಂಬತ್ತು. ಆರು ವರ್ಷದವಳಿದ್ದಾಗ ಮೆಟ್ಟಿಲು ಹತ್ತಲಾರದೆ ಕೂತುಬಿಟ್ಟಳು. ಹುಬ್ಬಳ್ಳಿಯ ಡಾಕ್ಟರು ಚೀಟಿಯ ಹಿಂಭಾಗದಲ್ಲಿ ಚಿತ್ರ ಬರೆದು ವಿವರಿಸಿದರು: ಪ್ರತಿಯೊಬ್ಬರಿಗೂ ಪ್ರತಿ ಜೀನಿನ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ನಿಮ್ಮಿಬ್ಬರಲ್ಲೂ ಒಂದು ಪ್ರತಿ ಕೆಟ್ಟಿದೆ, ಒಂದು ಸರಿ ಇದೆ, ಅದರಿಂದ ನಿಮಗೆ ಏನೂ ಆಗಿಲ್ಲ. ಮಗುವಿಗೆ ಎರಡೂ ಕೆಟ್ಟವೇ ಬಂದಿವೆ. ಔಷಧ ಸಿಗುವ ಹೊತ್ತಿಗೆ ಕಾಲು ಸೋತು ತೋಳಿಗೂ ಹತ್ತಿತ್ತು. ಅವತ್ತಿಂದ ಪ್ರತಿ ಗುರುವಾರ ಒಂದು ಸೂಜಿ. ಸೂಜಿ ಬಿದ್ದರೆ ಕಾಯಿಲೆ ಇದ್ದಲ್ಲೇ ನಿಲ್ಲುತ್ತದೆ. ನಾಲ್ಕು ಗುರುವಾರ ತಪ್ಪಿದರೆ ಮೇಲೆ ಹತ್ತುತ್ತದೆ, ಹತ್ತಿದ್ದು ಮತ್ತೆ ಇಳಿಯುವುದಿಲ್ಲ. ಕೇಂದ್ರದಲ್ಲಿ ದುಡಿಯುವವರ ಮಕ್ಕಳಿಗೆ ಸೀಸೆ ಗೇಟಿನಲ್ಲೇ ಸಿಗುತ್ತಿತ್ತು. ಉಳಿದ ನಾಲ್ಕು ಸಾವಿರ ಮಕ್ಕಳದು ಪಟ್ಟಿ, ಸರದಿ.

ಆ ಪಟ್ಟಿಯ ಫೋನಿಗೆ ಉತ್ತರ ಕೊಡುವುದೇ ಶಶಿಕಲಾಳ ಕೆಲಸ. ಗಾಲಿಕುರ್ಚಿಯಲ್ಲಿ ಕಿಟಕಿಯ ಪಕ್ಕ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ದಿನಕ್ಕೆ ಎಂಬತ್ತು ತಾಯಂದಿರ ಜೊತೆ ಮಾತಾಡುತ್ತಿದ್ದಳು. ಯಾವ ಊರಿನ ಯಾವ ಹುಡುಗ ಈಗ ಚಮಚ ಎತ್ತುತ್ತಾನೆ, ಯಾರು ಎತ್ತುವುದಿಲ್ಲ ಎಂದು ಅವಳಿಗೆ ಬಾಯಿಪಾಠ.

ಆ ವಾರ ಅವಳು ಊಟದ ಹೊತ್ತಿಗೆ ಹೇಳಿದಳು: "ಅವ್ವಾ, ಹೊಸಾ ಆರ್ಡರ್ ಬಂದೈತಿ. ಮುಂದಿನ ತಿಂಗಳಿಂದ ಪಟ್ಟಿಯೊಳಗ ಹದಿನೈದು ದಾಟಿದವರಿಗೆ ಇಲ್ಲಂತ. ಸಣ್ಣ ಹುಡುಗೂರಿಗೆ ಉಳಸಬೇಕಂತ."

"ನಿನಗ?"

"ನಾ ಪಟ್ಟಿಯೊಳಗ ಎಲ್ಲದೀನಿ? ನಾ ಗೇಟಿನಾಕಿ. ನೀ ಇರೂತನಕ ನನಗ ಸೀಸೆ ಐತಿ."

ದ್ಯಾಮಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದ.

*

ಮರುದಿನ ಡಾಕ್ಟರ್ ಪಿಂಟೊ ಫಕೀರವ್ವನನ್ನು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಸೂಕ್ಷ್ಮದರ್ಶಕ.

"ನೋಡಿ. ಇದು ನಮ್ಮ ಹುಂಜದ ವೀರ್ಯ."

ಫಕೀರವ್ವ ಕಣ್ಣಿಟ್ಟಳು. ಎಳೆಎಳೆಯಾಗಿ ಏನೇನೋ ಬಿದ್ದುಕೊಂಡಿತ್ತು. ಕೆಲವು ನಿಂತಲ್ಲೇ ಮಿಸುಕುತ್ತಿದ್ದವು, ಹೆಚ್ಚಿನವು ಅದೂ ಇಲ್ಲ.

"ಇವು ಈಜ್ಬೇಕು. ಈಜುದಿಲ್ಲ. ಯಾಕೆ ಅಂತ ಈಗ ಗೊತ್ತಾಯ್ತು," ಎಂದರು ಡಾಕ್ಟರ್. ಗುಲಾಬಿ ಜುಟ್ಟು ಹುಟ್ಟುವುದೇ ವರ್ಣತಂತುವಿನ ಆ ತುಂಡು ತಿರುಗುಮುರುಗಾಗಿ ಕೂತದ್ದರಿಂದ. ಹಾಗೆ ಕೂರುವಾಗ ಅದು ಪಕ್ಕದ ಇನ್ನೊಂದು ಜೀನನ್ನು ನಡುವೆ ಕತ್ತರಿಸುತ್ತದೆ. ವೀರ್ಯದ ಬಾಲ ಆಡಿಸುವ ಜೀನು ಅದು. "ಒಂದು ಪ್ರತಿ ಕತ್ತರಿಸಿ ಹೋದ್ರೆ ತೊಂದರೆ ಇಲ್ಲ. ಇನ್ನೊಂದು ಉಂಟಲ್ಲ, ಅದು ಕೆಲಸ ಮಾಡ್ತದೆ. ಆದ್ರೆ ತಂದೆಯಿಂದಲೂ ಗುಲಾಬಿ, ತಾಯಿಯಿಂದಲೂ ಗುಲಾಬಿ ಬಂದ್ರೆ..."

"ಎರಡೂ ಕೆಟ್ಟಂಗ," ಎಂದಳು ಫಕೀರವ್ವ.

ಡಾಕ್ಟರ್ ತಲೆಯೆತ್ತಿದರು. "ಹೌದು. ನಿಮಗೆ ಹೇಗೆ..."

"ನಮ್ಮ ಹುಡುಗಿದು ಹಂಗ ಅಲ್ರೀ."

ಆಮೇಲೆ ಡಾಕ್ಟರ್ ಕಾಗದ ಮುಂದಕ್ಕೆಳೆದುಕೊಂಡು ತಮ್ಮ ನಿಜವಾದ ತಲೆನೋವು ಹೇಳಿಕೊಂಡರು. ಎರಡೂ ಕಡೆಯಿಂದ ಗುಲಾಬಿ ಪಡೆದ ಶುದ್ಧ ಕೋಳಿ, ಒಂದು ಕಡೆಯಿಂದ ಗುಲಾಬಿ ಒಂದು ಕಡೆಯಿಂದ ಗರಗಸ ಪಡೆದ ಬೆರಕೆ ಕೋಳಿ, ಎರಡರ ಜುಟ್ಟೂ ಕಣ್ಣಿಗೆ ಒಂದೇ. ಔಷಧವೂ ಎರಡರಲ್ಲೂ ಬರುತ್ತದೆ. ಡ್ರಮ್ಮಿಗೆ ಹೋಗುವುದು ಗರಗಸದವು ಮಾತ್ರ. ಬೆರಕೆಯವು ಗುಲಾಬಿಯ ವೇಷದಲ್ಲಿ ಹಿಂಡಿನಲ್ಲೇ ಉಳಿಯುತ್ತವೆ. ಆರು ಪೀಳಿಗೆ ಹೀಗೆ ಆರಿಸಿದರೂ ನೂರು ಹುಂಜಗಳಲ್ಲಿ ಹದಿನೆಂಟು ಇಪ್ಪತ್ತು ಬೆರಕೆ ಇರಲೇಬೇಕು. ಅಷ್ಟು ಹುಂಜ ಇದ್ದರೆ ಇಡೀ ಹಿಂಡಿನ ಮೊಟ್ಟೆಗಳಿಗೆ ಅವೇ ಜೀವ ಕಟ್ಟಿಸುತ್ತಿದ್ದವು.

"ಹದಿನೆಂಟು ಇರ್ಬೇಕು. ಒಂದೂ ಇಲ್ಲ. ಡಿಎನ್ಎ ಪರೀಕ್ಷೆಯ ರಾಸಾಯನಿಕ ಇದ್ದದ್ದು ನಲವತ್ತು ಸಲಕ್ಕೆ. ಜ್ವರದ ಮೇಲೆ ಹೊರಗಿನಿಂದ ಬರುದೇ ನಿಂತಿದೆ. ಮೂವತ್ತಾರು ಹುಂಜ ನೋಡಿದೆ, ಮೂವತ್ತಾರೂ ಶುದ್ಧ. ಎಲ್ಲಿ ಹೋದವು ಬೆರಕೆಯವು? ಲೆಕ್ಕ ಸರಿಯಾಗುದಿಲ್ಲ ಮಾರಾಯ್ತಿ."

ಫಕೀರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಎಲ್ಲಿ ಹೋದವು ಎಂದು ಅವಳಿಗೆ ಗೊತ್ತಿತ್ತು.

ಕಣ್ಣಿಗೆ ಒಂದೇ ಇರಬಹುದು. ಹೆಬ್ಬೆರಳಿಗೆ ಒಂದೇ ಇರಲಿಲ್ಲ. ಶುದ್ಧ ಮರಿಯ ನೆತ್ತಿಯಲ್ಲಿ ಜುಟ್ಟಿನ ಮೊಳಕೆ ಅಕ್ಕಿಕಾಳನ್ನು ಅಡ್ಡ ಇಟ್ಟ ಹಾಗೆ ತುಂಬಿಕೊಂಡಿರುತ್ತಿತ್ತು. ಕೆಲವು ಮರಿಗಳದು ಮುಂತುದಿಯಲ್ಲಿ ಕೂದಲೆಳೆಯಷ್ಟು ಸೊರಗಿರುತ್ತಿತ್ತು. ಇಂಥವೇ ಮುಂದೆ ಗರಗಸದ ಮರಿ ಹಾಕುತ್ತವೆ ಎಂದು ಅವಳು ಮೊದಲ ವರ್ಷವೇ ಕಂಡುಕೊಂಡಿದ್ದಳು, ಯಾವ ಪುಸ್ತಕವನ್ನೂ ಓದದೆ. ಇವತ್ತಿನ ಸೊರಗು ನಾಳೆಯ ಗರಗಸ. ಹಲಗೆಯ ಮೇಲೆ ಬೇಗ ಸೊನ್ನೆ ಬರಬೇಕಿತ್ತು. ಯಾರೂ ಹೇಳಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಹೆಬ್ಬೆರಳಿಗೆ ಅನುಮಾನ ಬಂದ ಪ್ರತಿ ಮರಿಯನ್ನೂ 'ನಿಶ್ಶಕ್ತ' ಎಂದು ಹೇಳಿ ಡ್ರಮ್ಮಿಗೆ ಹಾಕುತ್ತಾ ಬಂದಿದ್ದಳು. ಐದು ವರ್ಷ. ತಪ್ಪು ಮಾಡುತ್ತಿದ್ದ ಆ ಕ್ಯಾಮೆರಾಕ್ಕೆ ಇಷ್ಟು ಸೂಕ್ಷ್ಮ ಇರಲಿಲ್ಲ. ಅದೇ ಇದ್ದಿದ್ದರೆ ಹಿಂಡು ಉಳಿಯುತ್ತಿತ್ತು.

"ಮೈಯಲ್ಲಿ ಹುಷಾರಿಲ್ವಾ?" ಎಂದು ಕೇಳಿದರು ಡಾಕ್ಟರ್.

"ಇಲ್ರೀ, ಬಿಸಲಿಗೆ," ಎಂದು ಎದ್ದುಬಂದಳು.

*

ನಾಲ್ಕು ದಿನ ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಶಶಿಕಲಾ ಗೇಟಿನಿಂದ ಪಟ್ಟಿಗೆ ಬೀಳುತ್ತಾಳೆ, ಪಟ್ಟಿಯಲ್ಲಿ ಹತ್ತೊಂಬತ್ತಕ್ಕೆ ಜಾಗವಿಲ್ಲ. ಹೇಳದಿದ್ದರೆ ಇರುವ ಹೇಂಟೆಗಳು ಬದುಕಿರುವ ತನಕ, ಒಂದು ವರ್ಷ, ಮಗಳಿಗೆ ಸೀಸೆ ಖಾತ್ರಿ. ಐವತ್ತೆರಡು ಗುರುವಾರ.

ಆದರೆ ಕಾವುಪೆಟ್ಟಿಗೆಯಲ್ಲಿ ಇನ್ನೂ ಒಂದು ತಂಡ ಇತ್ತು. ಹಳೆಯ ಹೇಂಟೆಗಳ ಕೊನೆಯ ಮೊಟ್ಟೆಗಳಲ್ಲಿ ಜೀವ ಕಟ್ಟಿದ್ದು ಅರವತ್ತರಷ್ಟು. ಅವುಗಳ ತಾಯಂದಿರು ಅವಳ ಕೈ ಇನ್ನೂ ಪಳಗದ ದಿನಗಳಲ್ಲಿ ಉಳಿದುಕೊಂಡ ಸಾಲಿನವು. ಅವುಗಳಲ್ಲಿ ಎಲ್ಲಾದರೂ ಒಂದು ಬೆರಕೆ ಹುಂಜಮರಿ ಇದ್ದರೆ ಹಿಂಡು ಮತ್ತೆ ಎದ್ದೀತು. ಅದನ್ನು ಹುಡುಕಲು ಡಾಕ್ಟರ ಬಳಿ ಇದ್ದದ್ದು ನಾಲ್ಕು ಪರೀಕ್ಷೆ. ಹುಂಜದ ವೀರ್ಯ ಕಾದಿಡುವ ಹೊರದೇಶದ ಬೀಜಭಂಡಾರಕ್ಕೆ ಬರೆದ ಕಾಗದಕ್ಕೆ ಮೂರು ವರ್ಷ ಕಾಯಿರಿ ಎಂದು ಉತ್ತರ ಬಂದಿತ್ತು. ಹುಡುಕುವುದಿದ್ದರೆ ಅವಳ ಹೆಬ್ಬೆರಳೇ ಹುಡುಕಬೇಕು. ಸುಮ್ಮನಿದ್ದರೆ ಒಂದು ವರ್ಷ, ಹೇಳಿದರೆ ಒಂದೋ ಇಡೀ ಜನ್ಮ, ಇಲ್ಲವೇ ಏನೂ ಇಲ್ಲ.

ಗಂಡನಿಗೆ ಮಾತ್ರ ಹೇಳಿದಳು, ಗಿರಣಿಗೆ ಬುತ್ತಿ ಒಯ್ದಾಗ. ದ್ಯಾಮಣ್ಣ ಯಂತ್ರ ನಿಲ್ಲಿಸಿ ಹಿಟ್ಟಿನ ಡಬ್ಬದ ಮೇಲೆ ಕೂತ.

"ನಾವೂ ಹಂಗ ಮಾಡಿದ್ವಲ್ಲ," ಎಂದ ಕೊನೆಗೆ. "ಬ್ಯಾರೆ ರಕ್ತ ಬ್ಯಾಡಂತ ನಮ್ಮ ಹಿರ್ಯಾರು, ಬ್ಯಾರೆ ಜುಟ್ಟ ಬ್ಯಾಡಂತ ನೀನು."

"ಹೇಳಲೇನು ಮಾವ?" ಅವಳು ಈಗಲೂ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು.

"ಹೇಳದ ಇದ್ರ ನಿನಗ ಉಣ್ಣಾಕ ಆಗತೈತೇನು?"

ಆಗುತ್ತಿರಲಿಲ್ಲ.

*

ಡಾಕ್ಟರ್ ಪಿಂಟೊ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. "ನೂರಕ್ಕೆ ಎಷ್ಟು ಹಾಕ್ತಿದ್ರಿ?" ಎಂದು ಮಾತ್ರ ಕೇಳಿದರು.

"ಮೊದಲ ವರ್ಷ ಇನ್ನೂ ಜಾಸ್ತಿ ಇದ್ವು. ಆಮ್ಯಾಲ ಹದಿನೆಂಟು, ಇಪ್ಪತ್ತು. ಬರ್ತಾ ಬರ್ತಾ ಕಡಿಮಿ ಆದ್ವು."

ಡಾಕ್ಟರ್ ಕಣ್ಣು ಮುಚ್ಚಿಕೊಂಡು ಹಣೆಯನ್ನು ಒತ್ತಿಕೊಂಡರು. ಅವರ ಲೆಕ್ಕ ಸರಿಯಾಗಿತ್ತು. ಎರಡು ವರ್ಷದಲ್ಲಿ ಅವರು ಒಂದು ಸಲವೂ ಆ ಡ್ರಮ್ಮಿನೊಳಗೆ ಇಣುಕಿರಲಿಲ್ಲ ಎಂಬುದೂ ಅವರಿಗೆ ಆಗಲೇ ಹೊಳೆದಿರಬೇಕು.

"ಇದನ್ನು ನಾನು ಬರೆದು ಕಳಿಸ್ಬೇಕಾಗ್ತದೆ ಫಕೀರವ್ವ. ಗೊತ್ತುಂಟಲ್ಲ?"

"ಗೊತ್ತೈತ್ರಿ. ಅದಕ್ಕ ಮೊದಲ ಆ ಮರಿ ನೋಡ್ತೀನಿ."

ಮೂರು ದಿನಕ್ಕೆ ಐವತ್ತೆಂಟು ಮರಿಗಳು ಹೊರಬಂದವು. ಒಂದಕ್ಕೂ ಗರಗಸ ಇರಲಿಲ್ಲ. ಡಾಕ್ಟರ್ ಪ್ರತಿಯೊಂದರ ಕಾಲಿಗೂ ಅಂಕಿಯ ಬಳೆ ತೊಡಿಸಿ, ಫಕೀರವ್ವನ ಕಣ್ಣಿಗೆ ಬಟ್ಟೆ ಕಟ್ಟಿದರು. ಎರಡು ಸುತ್ತು ಪರೀಕ್ಷೆ, ಎರಡನೆಯ ಸುತ್ತಿನಲ್ಲಿ ಮರಿಗಳ ಸಾಲು ಅದಲುಬದಲು. ಎರಡೂ ಸಲ ಬೆರಕೆ ಎಂದು ಬಂದದ್ದನ್ನು ಮಾತ್ರ ನಂಬುವುದು ಎಂದು ಮೊದಲೇ ಮಾತಾಯಿತು.

ಮೊದಲ ಮರಿಯನ್ನು ಕೈಗೆ ಕೊಟ್ಟರು. ಬೆಚ್ಚಗಿತ್ತು, ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ಹೆಬ್ಬೆರಳನ್ನು ಎಳೆದಳು. ಶುದ್ಧ. ಎರಡನೆಯದು ಶುದ್ಧ. ಐದನೆಯದರ ಮುಂತುದಿ ಸೊರಗಿದ ಹಾಗನ್ನಿಸಿತು. ಮತ್ತೆ ಎಳೆದಳು. ಹಿಂದೆ ಯಾವತ್ತೂ ಅವಳು ಒಂದು ಮರಿಯನ್ನು ಎರಡು ಸಲ ಮುಟ್ಟಿದ್ದಿಲ್ಲ. "ಬೆರಕಿ," ಎಂದಳು. ಒಂಬತ್ತನೆಯದೂ ಹಾಗೇ ಅನ್ನಿಸಿತು. ಹನ್ನೆರಡನೆಯದೂ. ಮುಂದೆ ಮುಂದೆ ಹೋದ ಹಾಗೆ ಯಾವ ಮರಿಯನ್ನು ಮುಟ್ಟಿದರೂ ಬೆರಳು ಇದೇ ಇರಬಹುದು, ಇದೇ ಇರಬಹುದು ಎನ್ನತೊಡಗಿತು. ಮರಿಯನ್ನು ಡ್ರಮ್ಮಿಗೆ ಎಸೆಯುವಾಗ ಅಷ್ಟು ಗಟ್ಟಿಯಾಗಿದ್ದ ಬೆರಳು ಉಳಿಸಿಕೊಳ್ಳುವ ಹೊತ್ತಿಗೆ ಆಸೆಗೆ ಬಿದ್ದಿತ್ತು.

ಮೊದಲ ಸುತ್ತಿನಲ್ಲಿ ಒಂಬತ್ತು ಎಂದಳು. ಎರಡನೆಯದರಲ್ಲಿ ಹದಿಮೂರು. ಎರಡರಲ್ಲೂ ಬಂದ ಅಂಕಿಗಳು ನಾಲ್ಕೇ. ಡಾಕ್ಟರ್ ಆ ನಾಲ್ಕರ ಗರಿಯ ಬುಡದಿಂದ ರಕ್ತ ತೆಗೆದು, ಉಳಿದಿದ್ದ ನಾಲ್ಕು ಪರೀಕ್ಷೆಗಳನ್ನೂ ಯಂತ್ರಕ್ಕೆ ಹಾಕಿದರು. ಮೂರು ಗಂಟೆ ಹಿಡಿಯುತ್ತದೆ. ಫಕೀರವ್ವ ಹೊರಗೆ ಕಟ್ಟೆಯ ಮೇಲೆ ಕೂತು ತನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದಳು. ಆಮೇಲೆ ಡ್ರಮ್ಮಿನ ನೆನಪು ಬಂದು, ಯಾವ ಮುಖ ಇಟ್ಟುಕೊಂಡು ಬೇಡುವುದೆಂದು ನಿಲ್ಲಿಸಿದಳು.

ಡಾಕ್ಟರ್ ಹೊರಬಂದಾಗ ಅವರ ಕೈಯಲ್ಲಿ ಕಾಗದವೂ ಇರಲಿಲ್ಲ.

"ನಾಲ್ಕೂ ಶುದ್ಧ," ಎಂದರು. ಅವಳ ಪಕ್ಕದಲ್ಲಿ ಬಂದು ಕೂತರು. "ಉಳಿದ ಮರಿಗಳನ್ನೂ ಸಾಕುವಾ. ಆರು ತಿಂಗಳಿಗೆ ಹುಂಜಗಳು ದೊಡ್ಡ ಆಗ್ತವೆ, ಆಗ ಗೊತ್ತಾಗ್ತದೆ. ಆದ್ರೆ ನನಗೆ ನಂಬಿಕೆ ಇಲ್ಲ. ನೀವು ನಿಮ್ಮ ಕೆಲಸ ತುಂಬಾ ಚಂದ ಮಾಡಿದ್ದೀರಿ ಫಕೀರವ್ವ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

*

ಕೆಲಸದಿಂದ ತೆಗೆದ ಆದೇಶ ಬಂದದ್ದು ಗುರುವಾರ ಮಧ್ಯಾಹ್ನ. ಗೇಟಿನಲ್ಲಿ ಕೊನೆಯ ಸೀಸೆ ಕೊಟ್ಟು, ಗುರುತಿನ ಚೀಟಿ ಇಸಿದುಕೊಂಡರು. ಫಕೀರವ್ವ ಸೀಸೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಿಸಿಲಲ್ಲೇ ಮನೆಗೆ ನಡೆದಳು.

ಶಶಿಕಲಾ ಕಿಟಕಿಯ ಪಕ್ಕ ಎಂದಿನಂತೆ ಕೂತಿದ್ದಳು. ತಾಯಿಯನ್ನು ಹಗಲಿನಲ್ಲೇ ಕಂಡು ಹುಬ್ಬೇರಿಸಿದಳು.

"ಇವತ್ತಿನ ಪಟ್ಟಿಯೊಳಗ ನನ್ನ ಹೆಸರೂ ಬಂತವ್ವ," ಎಂದಳು. "ಹದಿನೈದು ದಾಟಿದವರಿಗೆಲ್ಲಾ ಫೋನ್ ಮಾಡಿ ಇಲ್ಲಂತ ಹೇಳಬೇಕಲ್ಲ, ಅದರಾಗ. ನನಗ ನಾನ ಹ್ಯಾಂಗ ಫೋನ್ ಮಾಡ್ಲಿ ಅಂತ ಬಿಟ್ಟೆ. ಏನಾತು ಹೇಳು."

ಫಕೀರವ್ವ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಕ್ಯಾಮೆರಾ, ಹಲಗೆಯ ಸೊನ್ನೆ, ಶಾಲು, ಡ್ರಮ್ಮು, ಐವತ್ತೆಂಟು ಮರಿ. ಒಂದನ್ನೂ ಮುಚ್ಚಿಡಲಿಲ್ಲ, ಒಂದಕ್ಕೂ ನೆವ ಹೇಳಲಿಲ್ಲ. ಹೇಳುತ್ತಾ ಹೇಳುತ್ತಾ ಅಳು ಬಂತು, ಅಳುತ್ತಲೇ ಹೇಳಿದಳು.

ಶಶಿಕಲಾ ಎರಡು ಬೆರಳು ಜೋಡಿಸಿ ನೋಡಿದಳು.

"ಅಂದ್ರ ಎರಡೂ ಒಂದ ನಮೂನಿ ಇದ್ರ ಶುದ್ಧ," ಎಂದಳು.

"ಹೂಂ."

"ಹಂಗಾರ ನಾ ಶುದ್ಧ ಆದೆ. ನೀನು, ಅಪ್ಪ ಬೆರಕಿ."

ಫಕೀರವ್ವ ಸೀಸೆ ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿದಳು.

"ನಾವು ಮೂರೂ ಮಂದಿ ಮರಿಯಾಗಿ ನಿನ್ನ ಕೈಗೆ ಸಿಕ್ಕಿದ್ರ ಅವ್ವಾ, ನನ್ನ ಇಟಗೊಂಡು ನಿಮ್ಮಿಬ್ಬರನ್ನ ಡ್ರಮ್ಮಿಗೆ ಹಾಕ್ತಿದ್ದಿ."

ಬೈದು ಹೇಳಿದ ಮಾತಲ್ಲ. ಅವಳು ಲೆಕ್ಕ ಸರಿಯೇ ಎಂದು ನೋಡುತ್ತಿದ್ದಳು, ಅಷ್ಟೇ. ಫಕೀರವ್ವ ಎದ್ದು ಸೂಜಿ ತೊಳೆದಳು, ಸೀಸೆಯ ಮುಚ್ಚಳ ತೆಗೆದಳು, ಮಗಳ ತೋಳನ್ನು ಒರೆಸಿದಳು. ಔಷಧ ಒಂದು ಹನಿಯೂ ಉಳಿಯದ ಹಾಗೆ ಒಳಗೆ ಹೋಯಿತು. ಅವಳು ಸೂಜಿ ಹಿಂದಕ್ಕೆ ತೆಗೆಯುವ ಹೊತ್ತಿಗೆ ಫೋನು ಮಿನುಗಿತು.

"ಔಷಧ ಪಟ್ಟಿಯವರು ಮಾತಾಡೂದ್ರೀ," ಎಂದಳು ಶಶಿಕಲಾ. ಮನೆ ಚಿಕ್ಕದು, ಆಚೆಯ ದನಿಯೂ ಕೇಳುತ್ತಿತ್ತು. ಇಳಕಲ್ಲಿನ ಒಬ್ಬ ಹೆಣ್ಣುಮಗಳು. ಮಗನಿಗೆ ಹದಿನೇಳು. ಬೆಳಿಗ್ಗೆ ಫೋನ್ ಬಂದಿತ್ತಂತೆ, ಇನ್ನು ಔಷಧ ಇಲ್ಲ ಅಂತ.

"ಜಗಳಕ್ಕ ಮಾಡಿಲ್ರೀ ಯವ್ವಾ," ಎನ್ನುತ್ತಿದ್ದಳು ಆಕೆ. "ಯಾಕಂತ ಕೇಳಾಕ ಮಾಡೀನಿ. ಹತ್ತು ವರ್ಷ ಕೊಟ್ರಿ. ಒಂದು ವಾರನೂ ತಪ್ಪಿಸಿಲ್ಲ ನಾವು. ಈಗ ಯಾಕಿಲ್ಲ? ಅವ ಕೇಳತಾನ, ನಾ ಏನಂತ ಹೇಳ್ಲಿ?"

ಇದಕ್ಕೆ ಹೇಳಬೇಕಾದ ಉತ್ತರವನ್ನು ಕಚೇರಿಯವರು ಅಚ್ಚು ಹಾಕಿ ಕಳಿಸಿದ್ದರು. ಹಾಳೆ ಶಶಿಕಲಾಳ ಮುಂದೆಯೇ ಇತ್ತು: ಬೇಸಿಗೆಯ ತೀವ್ರತೆಯಿಂದ ಉತ್ಪಾದನೆ ಕುಸಿದಿದೆ, ಸಹಕರಿಸಬೇಕು. ಅವಳು ಹಾಳೆಯನ್ನು ನೋಡಿದಳು. ತಾಯಿಯನ್ನು ನೋಡಿದಳು. ಆಮೇಲೆ ಎರಡೂ ಕೈಯೆತ್ತಿ ಹೆಡ್‌ಫೋನನ್ನು ಕಿವಿಯಿಂದ ಬಿಡಿಸತೊಡಗಿದಳು. ತೋಳಿಗೆ ಬಲವಿಲ್ಲ, ಹೊತ್ತು ಹಿಡಿಯಿತು. ಫಕೀರವ್ವ ನೆರವಿಗೆ ಕೈ ಚಾಚಿದಾಗ ಬೇಡವೆಂದು ತಲೆಯಾಡಿಸಿ, ತಾನೇ ತೆಗೆದು ಮುಂದಕ್ಕೆ ಹಿಡಿದಳು.

"ನೀ ಹೇಳವ್ವ."

ಫಕೀರವ್ವ ತೆಗೆದುಕೊಂಡಳು. ಆಚೆ ಕಡೆ ಆ ತಾಯಿ ಉಸಿರಾಡುವುದು, ಅವಳ ಹಿಂದೆ ಎಲ್ಲೋ ಒಂದು ಗಡುಸು ದನಿ 'ಯಾರಬೇ ಅದು' ಎಂದು ಕೇಳುವುದು ಕೇಳಿಸಿತು.

"ಅಕ್ಕಾರ," ಎಂದಳು, "ನಾ ಫಕೀರವ್ವ ಅಂತ್ರೀ. ಕೋಳಿಮರಿ ಆರಸೂ ಕೆಲಸದಾಕಿ. ಯಾಕಂತ ಹೇಳ್ತೀನಿ, ಫೋನ್ ಇಡಬ್ಯಾಡ್ರಿ. ಮೊದಲ ನಿಮ್ಮ ಹುಡುಗನ ಹೆಸರು ಹೇಳ್ರಿ."